ಪಕ್ಕದ ಮನೆಯ ಸಾಕ್ಷಿ

ನವಿ ಮುಂಬಯಿಯ ನಮ್ಮ ಕಾಲೇಜಿನಲ್ಲಿ ಯಾರದಾದರೂ ಪ್ರಬಂಧ ವಿದೇಶದ ಸಮ್ಮೇಳನಕ್ಕೆ ಆಯ್ಕೆಯಾದರೆ ಸಾಕು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂರುತ್ತಾರೆ. ಒಮ್ಮೆ ಹೋಗಿ ಬಂದವಳಲ್ಲವೇ, ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ. ವೀಸಾಕ್ಕೆ ಏನೇನು ಬೇಕು, ಚಳಿ ಎಷ್ಟಿರುತ್ತದೆ, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳುತ್ತಾರೆ. ಅದೆಲ್ಲ ಆಮೇಲೆ, ಮೊದಲು ಪಕ್ಕದ ಮನೆಗೆ ಹೋಗಿ ‘ನಾನು ಇದೇ ಬಿಲ್ಡಿಂಗಿನಲ್ಲಿ ಇದ್ದೇನೆ’ ಅಂತ ಹೇಳಿ ಬನ್ನಿ ಎನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ನಗಲಿ.

ನನ್ನ ಪ್ರಬಂಧ ಠಾಣೆ ಊರಿನ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನಲ್ಲಿ ಬದುಕುವ ಹುಳಗಳ ಬಗ್ಗೆ. ವರ್ಷಗಟ್ಟಲೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಾಡಿದ ಕೆಲಸ. ಊರಲ್ಲಿ ಯಾರಿಗೂ ಬೇಡವಾಗಿದ್ದ ಆ ಹುಳಗಳ ಬಗ್ಗೆ ಪೋರ್ಚುಗಲ್ಲಿನ ಒಂದು ಬಂದರು ನಗರದವರು ‘ಬಂದು ಮಾತಾಡಿ’ ಎಂದು ಬರೆದಾಗ, ನಲವತ್ತು ದಾಟಿದ ನಾನು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತೇ ಅತ್ತುಬಿಟ್ಟೆ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ನೋಡಿ, ಮತ್ತೆ ಮೆಂತ್ಯಕ್ಕೆ ಕೈ ಹಾಕಿದಳು.

ಸಮ್ಮೇಳನದವರು ಪ್ರಯಾಣದ ಮಾಹಿತಿ ಎಂದು ಉದ್ದದ ಪುಟವೊಂದನ್ನು ಕಳಿಸಿದ್ದರು. ವಿಮಾನ ನಿಲ್ದಾಣದಿಂದ ಯಾವ ರೈಲು ಹಿಡಿಯಬೇಕು, ಎಲ್ಲಿ ಟ್ರಾಮ್ ಬದಲಿಸಬೇಕು, ನಲ್ಲಿ ನೀರು ಕುಡಿಯಬಹುದೇ, ಚಾರ್ಜರಿನ ಪಿನ್ನು ಎಂಥದ್ದು, ಎಲ್ಲ ಅದರಲ್ಲಿತ್ತು. ಮನೆಯಿರುವ ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಇಳಿದು ಇನ್ನೊಂದು ಲೈನಿನ ಗಾಡಿಗೆ ಓಡುವ ದಾರಿಯಲ್ಲಿ ಅದನ್ನು ಓದಿ ಓದಿ ಬಾಯಿಪಾಠ ಮಾಡಿದೆ. ಕಾಣದ ಊರಿನ ತಿರುವುಗಳು ಕಣ್ಣಿಗೆ ಕಟ್ಟಿದವು. ಆದರೆ ಪಾಸ್‌ಪೋರ್ಟಿನ ಅವಧಿ ಪ್ರಯಾಣದ ನಂತರವೂ ಇಷ್ಟು ತಿಂಗಳು ಉಳಿದಿರಬೇಕು ಎಂಬ ಸಾಲನ್ನು ತಡವಾಗಿ ನೋಡಿದೆ. ನನ್ನದು ಮುಗಿಯುತ್ತ ಬಂದಿತ್ತು. ವಿಳಾಸವೂ ನಾವು ಮೊದಲಿದ್ದ ಕಲ್ಯಾಣದ್ದು. ಹಾಗಾಗಿ ಹೊಸ ಅರ್ಜಿ, ಜೊತೆಗೆ ಪೊಲೀಸ್ ವೆರಿಫಿಕೇಶನ್.

ಪೊಲೀಸರು ಮನೆಗೆ ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ಗಂಡನ ನೌಕರಿ ನಾಶಿಕದಲ್ಲಿ, ಬರುವುದು ಶನಿವಾರ. ಸದಾ ಮನೆಯಲ್ಲಿರುವ ಅತ್ತೆ ಅಂದೇ ಕಲ್ಯಾಣದ ಮಗಳ ಮನೆಗೆ ಹೋಗಿದ್ದರು. ಬೀಗ ನೋಡಿದ ಪೊಲೀಸ್ ಪಕ್ಕದ ಬೆಲ್ ಒತ್ತಿದ. ಅಲ್ಲಿರುವುದು ಉಡುಪಿ ಕಡೆಯ ಅಕ್ಕ. ಅವರ ಗಂಡನದು ಠಾಣೆಯ ನೌಪಾಡಾದಲ್ಲಿ ಹೋಟೆಲು.

ಕೆಲವು ದಿನ ಕಳೆದು, ಅರ್ಜಿದಾರರು ಈ ವಿಳಾಸದಲ್ಲಿ ವಾಸವಿಲ್ಲ ಎಂಬ ವರದಿ ಹೋಗಿದೆಯೆಂದು ತಿಳಿಯಿತು. ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಹುಳಗಳೂ ಇಲ್ಲ, ನಾನೂ ಇಲ್ಲ. ನೇರ ಅಕ್ಕನ ಮನೆಗೆ ನುಗ್ಗಿದೆ.

“ಅಕ್ಕಾರ, ಏನ್ ಹೇಳೀರಿ ನೀವು ಪೊಲೀಸರಿಗೆ?”

“ಅಯ್ಯೋ ದೇವರೇ, ನಾನು ಸುಳ್ಳು ಎಂತ ಹೇಳ್ಲಿಲ್ಲ. ಪಾಪ, ಟೀಚರಿಗೆ ಕೆಲಸ ದೂರ, ಅವರು ಇಲ್ಲಿ ಇರುದೇ ಇಲ್ಲ, ಮಲಗ್ಲಿಕ್ಕೆ ಮಾತ್ರ ಬರುದು ಅಂದೆ. ನಿಮ್ಮ ಕಷ್ಟ ಅವನಿಗೂ ಗೊತ್ತಾಗ್ಲಿ ಅಂತ ಹೇಳಿದ್ದು ಮಾರಾಯ್ತಿ!”

ಕರುಣೆಯಿಂದ ಹೇಳಿದ ಮಾತಿಗೆ ಜಗಳ ಆಡುವುದು ಹೇಗೆ? ಆದರೂ ಸಿಟ್ಟು ಬಂತು. ಡೊಂಬಿವಲಿಯಲ್ಲಿ ಯಾರು ತಾನೇ ಹಗಲು ಮನೆಯಲ್ಲಿ ಇರುತ್ತಾರೆ?

ಠಾಣೆಗೆ, ಅಂದರೆ ಪೊಲೀಸ್ ಠಾಣೆಗೆ, ಹೋಗಿ ಬೇಡಿಕೊಂಡೆ. ಇನ್ನೊಮ್ಮೆ ಬರುತ್ತೇವೆ, ಯಾವ ದಿನ ಎಂದು ಹೇಳಲಾಗದು, ನೀವು ಮನೆಯಲ್ಲಿರಿ, ನೆರೆಯವರಿಬ್ಬರ ಸಾಕ್ಷಿ ಬೇಕು ಎಂದರು. ರಜೆ ಹಾಕಿದೆ.

ಹಗಲಿನ ಮನೆ ನನಗೆ ಪರಿಚಯವೇ ಇರಲಿಲ್ಲ. ಬೆಳಗಿನ ಗಾಡಿಯ ಹೊತ್ತಿಗೆ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕಿದವು. ಲಿಫ್ಟ್ ಸದ್ದಾದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಬಂದದ್ದು ಒಮ್ಮೆ ಗ್ಯಾಸಿನವನು, ಒಮ್ಮೆ ಕೊರಿಯರ್. ಸ್ನಾನಕ್ಕೆ ಹೋಗಲೂ ಭಯ, ಆಗಲೇ ಬಂದು ಹೋಗಿಬಿಟ್ಟರೆ? ಮಾತಾಡಬೇಕಾದ ಭಾಷಣವನ್ನು ಕೈಯಲ್ಲಿ ಹಿಡಿದು ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗ್ಯಾಲರಿಗೆ ತಿರುಗಿದೆ.

“ಒಂದ್ ಕಡೆ ಕುಂದರವಾ,” ಎಂದರು ಅತ್ತೆ. “ಅಂಡು ಸುಟ್ಟ ಬೆಕ್ಕಿನಂಗ ಅಡ್ಡಾಡಿದ್ರ ಪೊಲೀಸ ಲಗೂ ಬರ್ತಾನೇನ?”

ಹೊತ್ತೇರುತ್ತಿದ್ದಂತೆ ಅಕ್ಕ ಬಟ್ಟಲಲ್ಲಿ ಪಲ್ಯ ಹಿಡಿದು ಒಳಗೆ ಬಂದರು. ಬೆಲ್ ಒತ್ತಲಿಲ್ಲ, ಚಪ್ಪಲಿ ಎಲ್ಲಿ ಬಿಡಬೇಕೆಂದೂ ಹುಡುಕಲಿಲ್ಲ, ನಾನು ಭಾನುವಾರ ಕೂರುವ ಕುರ್ಚಿಯಲ್ಲಿ ಕೂತರು. ಅತ್ತೆ ಒಲೆಯ ಮುಂದಿನಿಂದಲೇ “ವಣಸ್ ಆಂಡಾ?” ಎಂದು ಕೇಳಿದರು. ಧಾರವಾಡದ ಕನ್ನಡ ಬಿಟ್ಟರೆ ಬೇರೆ ಮಾತೇ ಬಾರದು ಎಂದು ನಾನು ತಿಳಿದಿದ್ದ ಅತ್ತೆ, ಊಟವಾಯಿತೇ ಎಂದು ತುಳುವಿನಲ್ಲಿ ಕೇಳುತ್ತಿದ್ದರು! ಅಕ್ಕ ತುಳುವಿನಲ್ಲಿ ಏನೋ ಹೇಳಿದರು, ಅತ್ತೆ ಬಿದ್ದು ಬಿದ್ದು ನಕ್ಕರು. ಇದೆಲ್ಲ ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಭಾಷಣದ ಹಾಳೆ ಹಿಡಿದು ಗ್ಯಾಲರಿಗೆ ಹೋಗಿ ನಿಂತೆ. ಅಲ್ಲಿಯೂ ನಿಲ್ಲಲಾಗಲಿಲ್ಲ.

ಪೊಲೀಸ್ ಕಡೆಗೂ ಬಂದ. “ಮ್ಯಾಡಮ್, ತುಮ್ಹಿ ಇಥೆ ರಾಹತಾ ಕಾ?” ಎಂದು ಕೇಳಿದ. ಇಲ್ಲೇ ಇರುತ್ತೇನೆ ಎಂದೆ. ನನ್ನ ದನಿ ಕಳ್ಳಿಯ ದನಿಯಂತೆ ನನಗೇ ಕೇಳಿಸಿತು. ಅಕ್ಕ ನಡುವೆ ಬಂದು, ಟೀಚರ್ ಸದಾ ಇಲ್ಲೇ ಇರುತ್ತಾರೆ, ಹೊರಗೆ ಹೋಗುವುದೇ ಇಲ್ಲ ಎಂದು ತಮ್ಮ ಹಿಂದಿಯಲ್ಲಿ ಆಣೆ ಮಾಡಿದರು. ಹೋದ ಸಲ ಬೇರೆ ಹೇಳಿದ್ದಿರಲ್ಲ ಎಂದು ಅವನು ಹುಬ್ಬೇರಿಸಿದ. “ಆಗ ಇರಲಿಲ್ಲ, ಈಗ ಇದ್ದಾರಲ್ಲ!” ಎಂದರು ಅಕ್ಕ. ಅವನಿಗೂ ನಗು ಬಂತು.

ಎರಡನೇ ಸಾಕ್ಷಿಗೆ ಎದುರು ಮನೆಯ ಮರಾಠಿ ಕಾಕಾರನ್ನು ಕರೆದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಗುರುತು ಸಿಗಲಿಲ್ಲ. ಆಗ ಬಾಗಿಲಲ್ಲಿ ಅತ್ತೆಯ ಮುಖ ಕಂಡಿತು. “ಓಹೋ, ಆಜೀಂಚಿ ಸೂನ್!” ಎಂದರು ಕಾಕಾ. ಅಜ್ಜಿಯ ಸೊಸೆಯಾದರೆ ಸರಿ ಎಂದು ಸಹಿ ಹಾಕಿದರು. ನನ್ನ ಹೆಸರನ್ನು ಅವರು ಕೇಳಲೇ ಇಲ್ಲ.

ಪಾಸ್‌ಪೋರ್ಟ್ ಬಂತು, ಅದರ ಬೆನ್ನಿಗೆ ವೀಸಾವೂ. ಹೊರಡುವ ಮಧ್ಯಾಹ್ನ ಲಿಫ್ಟಿನ ಮುಂದೆ ಬ್ಯಾಗು ಇಟ್ಟುಕೊಂಡು ನಿಂತಿದ್ದೆ. ಅತ್ತೆ ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನು ಬ್ಯಾಗಿನ ಸಂದಿಯಲ್ಲಿ ತುರುಕುತ್ತಿದ್ದರು. ಅಕ್ಕ ಬಾಗಿಲಿಗೆ ಒರಗಿ ಕೇಳಿದರು:

“ನೀವು ಅಲ್ಲಿರುವಾಗ ಪುನಃ ಪೊಲೀಸು ಬಂದ್ರೆ ಎಂತ ಹೇಳುದು ಮಾರಾಯ್ತಿ? ಇದ್ದಾರೆ ಅನ್ನುದಾ, ಇಲ್ಲ ಅನ್ನುದಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಕ್ಕರು.

“ದಿನಾ ಇದ್ದಂಗನ ಅದಾಳ ಅನ್ನವಾ. ಫರಕ್ ಏನಿಲ್ಲ.”

ಮೂವರೂ ನಕ್ಕೆವು. ಲಿಫ್ಟ್ ಕೆಳಗಿಳಿಯುತ್ತಿದ್ದಂತೆ ಮೇಲೆ ಇಬ್ಬರ ನಗು ಇನ್ನೂ ಕೇಳಿಸುತ್ತಿತ್ತು. ನನ್ನದು ಅಷ್ಟರಲ್ಲಿ ನಿಂತುಹೋಗಿತ್ತು.