ಬಾಗಿಲಲ್ಲಿ ನುಡಿಸಿದ ಗಿಟಾರ್

ಘಾಟ್ಕೋಪರ್‌ನಿಂದ ದಾದರ್‌ವರೆಗೆ ಮುಂಬೈ ಲೋಕಲ್ ರೈಲಿನ ಬಾಗಿಲ ಬಳಿ ನಿಂತು ನಾನೂ ಮಂಗಳೂರಿನ ಗೆಳೆಯನೂ ದಿನಾ ಒಂದೇ ವಾದ ಮಾಡುತ್ತಿದ್ದೆವು: ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಅತಿ ವೇಗವಾಗಿ ನುಡಿಸುವವನು ಎಂದು ಅವನು, ಒಂದೇ ಸ್ವರವನ್ನು ಎಳೆದು ನಿಲ್ಲಿಸುವವನು ಎಂದು ನಾನು. ಆ ಬೆಳಿಗ್ಗೆ, "ನಿನ್ನವನದು ಹೊಲಿಗೆ ಮಿಷನ್ನಿನ ಸದ್ದು" ಎಂದುಬಿಟ್ಟೆ.

"ಎಂತ ಮಾರಾಯ, ನಿನಗೆ ಕಿವಿ ಉಂಟಾ? ಇಲ್ಲಿ ನೋಡು, ಅವನ ಎಡಗೈ ಹೇಗೆ ಓಡ್ತದೆ!"

ತೋರಿಸಲು ಅವನು ಹಿಡಿದಿದ್ದ ಬಾಗಿಲ ಕಂಬ ಬಿಟ್ಟ. ಎರಡೂ ಕೈಗಳು ಗಾಳಿಯಲ್ಲಿ, ಕಾಣದ ಗಿಟಾರಿನ ಮೇಲಿದ್ದವು, ಕಣ್ಣು ಮುಚ್ಚಿತ್ತು. ಅಷ್ಟರಲ್ಲಿ ಗಾಡಿ ಹಳಿ ಬದಲಿಸುತ್ತ ಜೋಲಿ ಹೊಡೆಯಿತು. ಬಾಗಿಲಿಗೆ ಬೆನ್ನು ಮಾಡಿದ್ದ ಅವನು ಹೊರಕ್ಕೆ ವಾಲಿದ. ಎದೆಗೆ ಹಾಕಿಕೊಂಡಿದ್ದ ಅವನ ಬ್ಯಾಗಿನ ಪಟ್ಟಿ ನನ್ನ ಕೈಗೆ ಸಿಕ್ಕಿತು, ಒಳಕ್ಕೆ ಎಳೆದೆ.

"ಅರೇ ಭಾಯಿ, ಮರ್ನಾ ಹೈ ಕ್ಯಾ?" ಸಾಯಬೇಕಾ ಎಂದು ಹಿಂದಿನಿಂದ ಯಾರೋ ಹಿಂದಿಯಲ್ಲಿ ಬೈದರು.

ಕುರ್ಲಾ ದಾಟಿತು. ಅವನ ತುಟಿ ಬಿಳಿಚಿತ್ತು. "ಈಗ ಹೇಳು, ಯಾರು ದೊಡ್ಡವ?" ಎಂದ.

"ನಿನ್ನವನೇ."

"ಹೆದರಿ ಹೇಳ್ಬೇಡ ಮಾರಾಯ!" ಎಂದು ರೇಗಿದ.

ದಾದರ್‌ನಲ್ಲಿ ಇಬ್ಬರೂ ಇಳಿದ ಮೇಲೂ ಆ ಪಟ್ಟಿ ನನ್ನ ಮುಷ್ಟಿಯಲ್ಲೇ ಇತ್ತು.