ತವರಿನ ಸೀರೆ ಹೊತ್ತ ಕಾಕಾ

ಕಾಕಾನ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ದರ್ಜಿ ಎಷ್ಟೇ ನೋಡಿ ಹೊಲಿದರೂ ಅವರ ಅಂಗಿಯ ಬಲತೋಳು ಮುಂಗೈ ದಾಟಿ ಬೆರಳಿನವರೆಗೆ ಇಳಿಯುತ್ತಿತ್ತು, ಎಡತೋಳು ಗಿಡ್ಡವಾಗಿ ಕಾಣುತ್ತಿತ್ತು. ನಲವತ್ತು ವರ್ಷ ಸೀರೆಯ ಗಂಟು ಹೊತ್ತ ಭುಜ ಅದು. ಯಾರಾದರೂ ಚೇಷ್ಟೆ ಮಾಡಿದರೆ, ಈ ಭುಜ ತಮ್ಮದಲ್ಲ, ಗಿರಾಕಿಗಳದು ಎಂದು ನಗುತ್ತಿದ್ದರು.

ರಬಕವಿಯ ನಮ್ಮ ಓಣಿಯಲ್ಲಿ ಅವರದು ಎರಡನೆಯ ಮನೆ. ನಮಗೆ ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಓಣಿಗೆಲ್ಲ ಅವರು ಕಾಕಾ. ರಬಕವಿ ಬನಹಟ್ಟಿಯ ಮಗ್ಗಗಳಿಂದ ಸೀರೆ ತಂದು ಗಂಟು ಕಟ್ಟಿ, ಲೋಕಾಪುರದ ಆಚೆ ಬೀಳಗಿ ಕಡೆಯ ಗುಡ್ಡದ ಹಳ್ಳಿಗಳಿಗೆ ಹೊತ್ತೊಯ್ದು ಮಾರುತ್ತಿದ್ದರು. ಬಸ್ಸು ನಿಂತಲ್ಲಿಂದ ಮುಂದೆಲ್ಲ ನಡಿಗೆ.

ಅವರ ವ್ಯಾಪಾರಕ್ಕೊಂದು ರೀತಿ ಇತ್ತು. ಮನೆಯ ಮುಂದೆ ಹೋಗಿ ಸೀರೆ ಬೇಕೇನು ಎಂದು ಕೇಳುವವರಲ್ಲ. ಕಟ್ಟೆಯ ಮೇಲೆ ಕೂತು ನೀರು ಕೇಳುವುದು, ಎಮ್ಮೆ ಕರು ಹಾಕಿತೇ ಎಂದು ವಿಚಾರಿಸುವುದು, ಸೊಸೆಯ ಬಾಣಂತನದ ಸುದ್ದಿ ಕೇಳುವುದು. ಕೊನೆಗೆ ಮನೆಯ ಹೆಣ್ಣುಮಕ್ಕಳೇ ಗಂಟು ಬಿಚ್ಚಿ ಎನ್ನಬೇಕು. ತಮಗೆ ಅವಸರವಿದೆ ಎಂಬುದನ್ನು ಎಂದೂ ಯಾರಿಗೂ ತೋರಿಸಿಕೊಟ್ಟವರಲ್ಲ. ಈ ರೂಢಿಯನ್ನು ನಮ್ಮ ಮನೆಯಲ್ಲೂ ಬಿಡುತ್ತಿರಲಿಲ್ಲ. ಕಾಕಾ ಬಂದರೆ ಮೊದಲು ಚಹಾ ಇಡು, ಏನು ಕೆಲಸಕ್ಕೆ ಬಂದರೆಂಬುದು ಆಮೇಲೆ ತಿಳಿಯುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು.

ಆ ಗುಡ್ಡದ ಒಂದು ಹಳ್ಳಿಯಲ್ಲಿ ಕಾಕಾನಿಗೆ ಅಕ್ಕ ಇದ್ದಳು. ಹುಟ್ಟಿನಿಂದ ಬಂದ ಅಕ್ಕ ಅಲ್ಲ. ವಯಸ್ಸಿನಲ್ಲಿದ್ದಾಗ ಒಮ್ಮೆ ಅಲ್ಲಿ ಚಳಿಜ್ವರ ಬಂದು ಬಿದ್ದ ಕಾಕಾನನ್ನು ಆಕೆ ಆರು ದಿನ ಗಂಜಿ ಕುಡಿಸಿ ಎಬ್ಬಿಸಿದ್ದಳಂತೆ. ಆಕೆಯ ತವರೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು, ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅಂದಿನಿಂದ ಪ್ರತಿ ಪಂಚಮಿಗೆ ಕಾಕಾ ಆಕೆಗೆ ಸೀರೆ ಒಯ್ಯುತ್ತಿದ್ದರು. ನಮ್ಮ ಕಡೆ ಹೆಣ್ಣುಮಗಳು ತೀರಿಕೊಂಡಾಗಲೂ ತವರಿನಿಂದ ಬಂದ ಸೀರೆ ಉಡಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಅದು ಬಾರದಿದ್ದರೆ ಹಿಂದೆ ಯಾರೂ ಇಲ್ಲದವಳು ಎಂದು ಊರು ಆಡಿಕೊಳ್ಳುತ್ತದೆ. ಆಕೆಗೆ ಅದೊಂದೇ ಭಯ. ಆ ಸೀರೆಯನ್ನು ಬದುಕಿದ್ದಾಗಲೇ ಕಣ್ಣಾರೆ ನೋಡಬೇಕು ಎಂದು ಕಾಕಾನಿಂದ ಮಾತು ತೆಗೆದುಕೊಂಡಿದ್ದಳು. ಕಾಕಾ ಬನಹಟ್ಟಿಯಲ್ಲಿ ಕೈಮಗ್ಗ ಬಿಡದೆ ಉಳಿದಿದ್ದ ಒಬ್ಬ ಮುದುಕನನ್ನು ಕಾಡಿ ಬೇಡಿ ಕೆಂಪಂಚಿನ ಹಸಿರು ಸೀರೆ ನೇಯಿಸಿಟ್ಟರು.

ಆ ಭಾನುವಾರ ಬೆಳಿಗ್ಗೆ ಕಾಕಾ ನಮ್ಮ ಮನೆಗೆ ಬಂದು ಕೂತರು. ನಾನು ಜಮಖಂಡಿಯ ಸಾಲೆಯಲ್ಲಿ ಟೀಚರು, ಆಗಷ್ಟೇ ಹಳೆಯ ಕಾರೊಂದನ್ನು ಕೊಂಡಿದ್ದೆ. ಕಾರು ಹೇಗಿದೆ, ಮಳೆಗೆ ನಮ್ಮ ಮಾಳಿಗೆ ಸೋರಿತೇ ಎಂದೆಲ್ಲ ವಿಚಾರಿಸಿ, ಎರಡನೆಯ ಕಪ್ಪು ಚಹಾ ಮುಗಿಸಿ ಹೇಳಿದರು:

"ಅಕ್ಕ ಹಾಸಗಿ ಹಿಡದಾಳಂತ. ಸೀರಿ ಮುಟ್ಟಿಸಿ ಬರಬೇಕಾಗಿತ್ತು. ನಿನಗ ಅನುಕೂಲ ಇದ್ರ ನೋಡವಾ."

ಮಂಡಿನೋವಿನಿಂದ ಅವರಿಗೆ ಬಸ್ಸು ಹತ್ತಲಾಗುತ್ತಿರಲಿಲ್ಲ, ಮಗನ ಹತ್ತಿರ ಗಾಡಿ ಇರಲಿಲ್ಲ. ಹಾಸಿಗೆ ಹಿಡಿಯುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ರಸ್ತೆ ಕುಣಿಯತೊಡಗಿತ್ತು. ಜಮಖಂಡಿ ರಬಕವಿ ಬಿಟ್ಟು ಕಾರು ಎಲ್ಲಿಗೂ ಹೋಗಿರಲಿಲ್ಲ. ಮಳೆಗಾಲ ಮುಗಿದು ಗುಡ್ಡವೆಲ್ಲ ಹಸಿರಾಗಿದ್ದ ಸಮಯ. ಸೀರೆ ಕೊಟ್ಟ ಹಾಗೂ ಆಯಿತು, ತಿರುಗಾಟ ಆದ ಹಾಗೂ ಆಯಿತು ಎಂದುಕೊಂಡೆ. ನಾನು ತಲೆ ಬಾಚಿ, ಕಾರು ಒರೆಸಿ ಹೊರಟಾಗ ಹನ್ನೊಂದು ಗಂಟೆ. ಕಾಕಾ ಅಷ್ಟೂ ಹೊತ್ತು ಬಿಸಿಲಿನಲ್ಲಿ ಗಂಟು ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದರು.

ಮುಧೋಳ ದಾಟಿ ಘಟಪ್ರಭೆಯ ಸೇತುವೆ ಬಂದಿತು. ಹೊಳೆ ತುಂಬಿ ಹರಿಯುತ್ತಿತ್ತು, ಇಳಿದು ಫೋಟೋ ತೆಗೆದೆ. ಲೋಕಾಪುರದಲ್ಲಿ ಖಾನಾವಳಿ ಕಂಡಿತು, ಖಡಕ್ ರೊಟ್ಟಿಗೆ ಕೂತೆ. ಕಾಕಾ ಅರ್ಧ ರೊಟ್ಟಿ ಮುರಿದು ಸಾಕೆಂದರು. ಅಲ್ಲಿಂದ ಮುಂದೆ ಕೆಂಪು ಬಂಡೆಯ ಗುಡ್ಡಗಳು ಶುರುವಾದ ಮೇಲಂತೂ ನಾನು ಹುಚ್ಚಿಯೇ ಆದೆ. ಒಂದು ತಿರುವಿನಲ್ಲಿ ಕುರಿಹಿಂಡು, ಇನ್ನೊಂದರಲ್ಲಿ ನವಿಲು, ಮತ್ತೊಂದರಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಸೀತಾಫಲದ ಮುದುಕಿ. ಎಲ್ಲ ಕಡೆ ನಿಲ್ಲಿಸಿದೆ. ಗುಡ್ಡದ ನೆತ್ತಿಯ ಮೇಲೊಂದು ಗುಡಿ ಕಂಡಾಗ ಕಾಕಾನನ್ನು ಕಾರಿನಲ್ಲಿ ಕೂರಿಸಿ ನಾನೊಬ್ಬಳೇ ಹತ್ತಿ ಹೋದೆ, ಹೋಗಿ ಬರಲು ಒಂದು ತಾಸು ಹಿಡಿಯಿತು. ನಿಲ್ಲಿಸಿದಲ್ಲೆಲ್ಲ ಕಾಕಾ ಒಂದು ಕಥೆ ಹೇಳುತ್ತಿದ್ದರು: ಈ ಇಳಿಜಾರಿನಲ್ಲಿ ಗಂಟು ಉರುಳಿ ಹಳ್ಳಕ್ಕೆ ಬಿದ್ದದ್ದು, ಆ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದದ್ದು. ಅವರಿಗೂ ತಿರುಗಾಟ ಹಿಡಿಸಿದೆ ಎಂದುಕೊಂಡೆ. ಒಮ್ಮೆ ಮಾತ್ರ ತಡವಾಗುತ್ತದೆಯೇ ಎಂದು ಕೇಳಿದ್ದೆ.

"ಇಲ್ಲವಾ. ಸಂಜಿಗಿ ಮುಟ್ಟಿದ್ರ ಆತು," ಎಂದರು.

ಹಾಗೆ ಹೇಳುವಾಗ ಸೀರೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನಲವತ್ತು ವರ್ಷ ಯಾರ ಕಟ್ಟೆಯ ಮೇಲೂ ಅವಸರ ಮಾಡದ ಮನುಷ್ಯ, ನನ್ನ ಕಾರಿನಲ್ಲಿ ಕೂತು ಲಗೂ ನಡೆ ಎನ್ನುವರೇ? ಅಷ್ಟು ವರ್ಷ ಅವರನ್ನು ನೋಡಿದ ನನಗೆ ಇದು ತಿಳಿಯಬೇಕಿತ್ತು.

ಊರು ಮುಟ್ಟಿದಾಗ ಐದೂವರೆ. ಮನೆಯ ಮುಂದೆ ಅಂಗಳ ತೊಳೆದಿತ್ತು. ತಲೆಯ ಮೇಲೆ ನೀರು ಹಾಕಿಕೊಂಡು ಬಂದ ಗಂಡಸರು ಒದ್ದೆ ಪಂಚೆಯಲ್ಲಿ ನಿಂತಿದ್ದರು. ಕಾಕಾ ಕಾರಿನಿಂದ ಇಳಿದವರು ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರು. ಆಕೆಯ ಗಂಡ ಕಟ್ಟೆಯಿಂದ ಏಳಲಿಲ್ಲ.

"ಎರಡಕ್ಕ ಹೋದ್ಲು. ಹೋದ ಮ್ಯಾಲ ನಿಮ್ಮ ಮನಿಗೆ ಫೋನ್ ಹಚ್ಚಿದ್ವಿ, ನೀವು ಹನ್ನೊಂದಕ್ಕ ಮನಿ ಬಿಟ್ಟೀರಿ ಅಂತ ನಿಮ್ಮ ಮಗ ಹೇಳಿದ್ರು. ನಾಕೂವರಿತನಾ ತಡದ್ವಿರಿ."

ಎರಡು ಗಂಟೆಗೆ ನಾನು ಗುಡಿಯ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದೆ. ನೆರೆಮನೆಯವರು ಕೊಟ್ಟ ಸೀರೆ ಉಡಿಸಿ ಆಕೆಯನ್ನು ಒಯ್ದಿದ್ದರು. ತವರು ಇದ್ದೂ ಇಲ್ಲದಂತಾಯಿತು ಎಂದು ಒಳಗಿನಿಂದ ಒಬ್ಬ ಹೆಂಗಸು ಅಂದದ್ದು ನಮ್ಮೆಲ್ಲರಿಗೂ ಕೇಳಿಸಿತು. ಕಾಕಾ ತಲೆ ಎತ್ತದೆ ಹೇಳಿದರು:

"ನಂದ ತಡಾ ಆತರಿ. ಹೊಂಡೂದಽ ತಡಾ ಮಾಡಿದ್ನಿ."

ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ದಾರಿಯಲ್ಲಿ ಕೊಂಡ ಸೀತಾಫಲದ ಬುಟ್ಟಿ ಇತ್ತು, ಅದು ಯಾರ ಕಣ್ಣಿಗೂ ಬೀಳದಂತೆ ಕಾರಿನ ಬಾಗಿಲು ಹಾಕಿದೆ. ನಾನು ಮಾಡಿದ್ದು ಅಷ್ಟೇ. ಮಣ್ಣಾದ ಮೇಲೆ ಆ ಸೀರೆ ಯಾತಕ್ಕೂ ಬಾರದು, ಒಯ್ಯಿರಿ ಎಂದು ಆಕೆಯ ಗಂಡ ಅಂದರು. ಕಾಕಾ ಹೊಸ ಗೋರಿಯ ಹತ್ತಿರ ಹೋಗಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊತ್ತು ಮುಳುಗುವವರೆಗೆ ಕೂತರು. ಬರುವಾಗ ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಮುಧೋಳದ ಹತ್ತಿರ ಒಮ್ಮೆ, ಹಸಿವಾಗಿದೆಯೇನು ಎಂದು ನನ್ನನ್ನು ಕೇಳಿದರು.

ಓಣಿಯಲ್ಲಿ ಕೇಳಿದವರಿಗೂ ಅವರು ಅದನ್ನೇ ಹೇಳಿದರು, ತಡ ಮಾಡಿದ್ದು ತಾವೇ ಎಂದು. ನನ್ನ ಎದುರಿಗೂ ಹಾಗೆಯೇ ಹೇಳಿದರು. ನಾನು ತಿದ್ದಲಿಲ್ಲ. ಮತ್ತೆ ಅವರು ಗುಡ್ಡದ ಕಡೆ ಮುಖ ಮಾಡಲಿಲ್ಲ. ಪಂಚಮಿಯ ದಿನ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದರು. ಎರಡು ವರ್ಷಕ್ಕೆ ಕಾಕಾ ಹೋದರು. ಆ ಹಳ್ಳಿಗೆ ಸುದ್ದಿ ಮುಟ್ಟಿಸಿದ್ದರು. ಅಲ್ಲಿಂದ ಯಾರೂ ಮಣ್ಣಿಗೆ ಬರಲಿಲ್ಲ.

ಮುಂದಿನ ಭಾನುವಾರ ನಾನೊಬ್ಬಳೇ ಹೋದೆ. ಎಲ್ಲೂ ನಿಲ್ಲಿಸದೆ ಹೋದರೆ ಎರಡು ತಾಸೂ ಹಿಡಿಯದ ದಾರಿ. ಆಕೆಯ ಗಂಡ ಅದೇ ಕಟ್ಟೆಯ ಮೇಲೆ ಕೂತಿದ್ದರು. ಸೇತುವೆ, ಖಾನಾವಳಿ, ನವಿಲು, ಗುಡಿ, ಒಂದೂ ಬಿಡದೆ ಹೇಳಿದೆ. ತಪ್ಪು ಕಾಕಾನದಲ್ಲ, ನನ್ನದು ಎಂದೆ. ಅವರಿಗೆ ಸಿಟ್ಟು ಬರಲಿ, ನಾಲ್ಕು ಮಾತು ಬೈಯಲಿ ಎಂದು ಕಾದೆ.

"ಇದನ್ನ ಅಕಿ ಮುಂದ ಹೇಳಬೇಕಾಗಿತ್ತವಾ," ಎಂದರು. "ಜೀವ ಹೋಗೂತನಾ ಬಾಗಲಾ ನೋಡಿದ್ಲು. ತಮ್ಮ ಮರತಾ ಅಂತ ತಿಳಕೊಂಡಽ ಹೋದ್ಲು."

ಆಮೇಲೆ ಒಳಗೆ ಕೂಗಿ ನನಗೆ ಚಹಾ ಇಡಲು ಹೇಳಿದರು. ನಾನು ಕುಡಿದು ಬಂದೆ.