ವಿದೇಶದ ವಿಳಾಸ

ತೆರಿಗೆ ಕಚೇರಿಯ ಎದುರು ಮಡಚುವ ಮೇಜು ಹಾಕಿಕೊಂಡು ಅರ್ಜಿ ತುಂಬಿಕೊಡುವುದು ನನ್ನ ಕಸುಬು. ಎಂಥೆಂಥವರ ಗೋಳನ್ನೋ ಕೇಳಿದ್ದೇನೆ. ಆದರೆ ಇಸ್ತ್ರಿ ಅಕ್ಕನಿಗೆ ಆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೊರದೇಶದಿಂದ ಬಂದು ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿದ ಹೆಂಗಸು ಅವಳು. ಡಾಕ್ಟರುಗಳು ಗರಿಗರಿ ಕೋಟು ಹಾಕಿಕೊಂಡು ಮೆರೆದದ್ದು ಅವಳ ದಯೆಯಿಂದ. ಅವಳಿಗೆ ಉಳಿದದ್ದು ಮಣಿಕಟ್ಟಿನ ತುಂಬ ಸುಟ್ಟ ಗೆರೆ. ತೆರಿಗೆಯನ್ನೋ, ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಿದ್ದರು. ಆದರೂ ದೇಶ ಬಿಡುವ ಹೊರಗಿನವರು ‘ತೆರಿಗೆ ಬಾಕಿ ಇಲ್ಲ’ ಎಂಬ ಪತ್ರ ತೋರಿಸದೆ ವಿಮಾನ ಹತ್ತುವ ಹಾಗಿಲ್ಲ.

“ಬೇಗ ಬರ್ಕೊಡಣ್ಣ,” ಅಂದಳು. “ಶುಕ್ರವಾರ ವಿಮಾನ. ಊರಲ್ಲಿ ಮಗಳಿಗೆ ದಿನ ತುಂಬಿದೆ. ಅವಳು ನಡೆಯೋಕೆ ಕಲಿತಿದ್ದನ್ನೂ ನಾನು ನೋಡ್ಲಿಲ್ಲ. ಹೆರಿಗೆಗಾದ್ರೂ ಪಕ್ಕದಲ್ಲಿರ್ಬೇಕು.”

ನಾನು ಒಂದೊಂದೇ ಕಲಂ ಓದುತ್ತಾ ಹೋದೆ. “ವಿದೇಶದ ವಿಳಾಸ?” ಎಂದಾಗ ಆಸ್ಪತ್ರೆಯ ಹಿಂದಿನ ಓಣಿಯಲ್ಲಿದ್ದ ತನ್ನ ಕೋಣೆಯ ನಂಬರು ಹೇಳಿದಳು. “ಸ್ವದೇಶದ ವಿಳಾಸ?” ಎಂದಾಗ ಮಗಳ ಮನೆಯದು. ನನಗೆ ಅದೇನು ಮಂಕು ಕವಿದಿತ್ತೋ, ಯಾವ ದೇಶದಲ್ಲಿ ಕೂತಿದ್ದೇನೆ ಎಂಬ ಪರಿವೆಯೇ ಇಲ್ಲದೆ ಹಾಗೇ ಗೀಚಿದೆ.

ಅರ್ಜಿ ಹಿಡಿದು ಇಬ್ಬರೂ ಕಚೇರಿಯೊಳಗೆ ಹೋದಾಗ ಗಾಜಿನಾಚೆಯ ಗುಮಾಸ್ತ ಹಲ್ಲುಕಿರಿದ. “ಏನಮ್ಮ, ಸ್ವದೇಶ ಅಂದ್ರೆ ಇದು, ವಿದೇಶ ಅಂದ್ರೆ ನಿಮ್ಮೂರು! ಎರಡೂ ಉಲ್ಟಾ ಬರ್ಸಿದೀರ. ಈ ಅರ್ಜಿ ನಡೆಯಲ್ಲ.”

“ತಪ್ಪು ನಂದು ಸಾರ್,” ಎಂದು ನಾನು ಮುಂದೆ ನುಗ್ಗಿದೆ. “ಎರಡು ಸಾಲು, ಇಲ್ಲೇ ತಿದ್ದಿಬಿಡ್ತೀನಿ.”

“ತಿದ್ದಿದ ಅರ್ಜಿ ತಗೊಳ್ಳಲ್ಲ. ಹೊಸದು ತುಂಬಿಸ್ಕೊಂಡು ಮುಂದಿನ ಮಂಗಳವಾರ ಬನ್ನಿ. ಇದನ್ನ ತಗೊಳ್ಳೋದು ವಾರಕ್ಕೊಂದೇ ದಿನ, ಇವತ್ತಿನ ಟೋಕನ್ ಮುಗಿದಿದೆ.”

ಅಕ್ಕ ಗಾಜಿಗೆ ಮುಖವಿಟ್ಟಳು. “ಬಂದ ದಿನದಿಂದ ಹೊರದೇಶದವಳು, ಹೊರದೇಶದವಳು ಅಂತ ಕರೆದೋರು ನೀವೇ. ಈಗ ಇದು ನನ್ನ ಸ್ವದೇಶ ಆಯ್ತಾ? ಹಾಗಿದ್ರೆ ಹೋಗೋಕೆ ನಿಮ್ಮ ಪತ್ರ ಯಾಕೆ ಸ್ವಾಮಿ?”

“ಮುಂದಿನವರು!” ಎಂದು ಕೂಗಿದ ಆ ಪುಣ್ಯಾತ್ಮ.

ಒಳಗಿನ ಸಾಹೇಬರ ಕೋಣೆಗೂ ಹೋದೆ. ನಿಯಮ ಅಂದರೆ ನಿಯಮ ಎಂದರು. ಬೆಂಕಿ ಬೀಳಲಿ ಅವರ ನಿಯಮಕ್ಕೆ! ಶುಕ್ರವಾರದ ವಿಮಾನ ಅಕ್ಕನಿಲ್ಲದೆ ಹಾರಿತು. ಭಾನುವಾರ ಮಗಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ಪಕ್ಕದಲ್ಲಿದ್ದದ್ದು ನೆರೆಮನೆಯಾಕೆ.

ಮಂಗಳವಾರ ಅಕ್ಕ ಫೋನಿನಲ್ಲಿದ್ದ ಮಗುವಿನ ಫೋಟೊ ಹಿಡಿದುಕೊಂಡೇ ನನ್ನ ಮೇಜಿನ ಮುಂದೆ ಕೂತಳು. ‘ವಿದೇಶದ ವಿಳಾಸ’ದ ಕಲಂ ಬಂದಾಗ ಓದದೆ ಪೆನ್ನು ನಿಲ್ಲಿಸಿದೆ. ಅವಳೇ ಮಗಳ ಮನೆಯ ನಂಬರು ಹೇಳಿದಳು.

“ಬರ್ಕೊ ಅಣ್ಣ. ನನ್ನ ಮೊಮ್ಮಗಳು ಹುಟ್ಟಿದ್ದು ವಿದೇಶದಲ್ಲಿ.”

ಗುಮಾಸ್ತ ಆ ಎರಡು ಸಾಲುಗಳ ಕಡೆ ಕಣ್ಣೂ ಹಾಯಿಸದೆ ಮೊಹರು ಒತ್ತಿದ.